ಹಂಡೆಗೆ ಡಿಸಿ ಕಾಯಿಲ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಲೈನ್ ಇಲ್ಲದ ಮನೆಗಳ ಕರೆಂಟಿನ ಬಗ್ಗೆ ಈ ಅಂಕಣದಲ್ಲಿ ಬರೆದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಬಿಸಿನೀರಿನ ಬಗ್ಗೆಯೇ ಇವೆ. ಬ್ಯಾಟರಿ, ಸೋಲಾರ್ ಕರೆಂಟಿನಲ್ಲಿ ನೀರು ಕಾಯಿಸುವ 12, 24, 48 ವೋಲ್ಟಿನ ಡಿಸಿ ಕಾಯಿಲ್‌ಗಳು ಈಗ ಆನ್‌ಲೈನಿನಲ್ಲಿ ಸುಲಭವಾಗಿ ಸಿಗುತ್ತವೆ, ತಗೊಳ್ಳಬಹುದಾ ಅಂತ ಪ್ರಶ್ನೆ. ಒಂದೇ ತರದ ಪತ್ರಗಳನ್ನು ಸೇರಿಸಿ ಉತ್ತರ ಕೊಟ್ಟಿದ್ದೇನೆ. ಎಲ್ಲಕ್ಕೂ ಬೇಕಾಗುವ ಒಂದು ಲೆಕ್ಕ ಮೊದಲೇ ಹೇಳಿಬಿಡುತ್ತೇನೆ. ಒಂದು ಲೀಟರ್ ನೀರು ಒಂದು ಡಿಗ್ರಿ ಬಿಸಿಯಾಗಲು 1.16 ವಾಟ್-ಅವರ್ ಬೇಕು. ಕಾಯಿಲ್ 12 ವೋಲ್ಟಿನದ್ದಾಗಲಿ, 230 ವೋಲ್ಟಿನದ್ದಾಗಲಿ, ಇದು ಬದಲಾಗುವುದಿಲ್ಲ. ಕಡಿಮೆ ವೋಲ್ಟ್ ಅಂದರೆ ಖರ್ಚು ಕಡಿಮೆ ಅಂತ ತುಂಬಾ ಜನ ತಿಳಿದುಕೊಂಡಿದ್ದಾರೆ. ಹಾಗೇನಿಲ್ಲ.

ಪ್ರಶ್ನೆ: ಸರ್, ನಮ್ಮದು ಕಳಸದ ಹತ್ತಿರ ಕಾಡಂಚಿನ ಒಂಟಿ ಮನೆ. ಲೈನ್ ಇನ್ನೂ ಬಂದಿಲ್ಲ. 150 ವಾಟಿನ ಎರಡು ಪ್ಯಾನೆಲ್, 12 ವೋಲ್ಟ್ 150 ಎಎಚ್ ಟ್ಯೂಬುಲರ್ ಬ್ಯಾಟರಿ ಇದೆ. 12 ವೋಲ್ಟ್ 300 ವಾಟಿನ ಕಾಯಿಲ್ ತರಿಸಿ ಬ್ಯಾಟರಿಗೆ ಹಾಕಿದರೆ ಬೆಳಗ್ಗೆ ನಾಲ್ಕು ಜನರ ಸ್ನಾನಕ್ಕೆ ಸಾಕಾಗುತ್ತದಾ? ಅಮ್ಮನಿಗೆ ಹೊಗೆ ಆಗುವುದಿಲ್ಲ, ಅದಕ್ಕೇ ಕೇಳಿದ್ದು.

ಉತ್ತರ: ಸಾಕಾಗುವುದಿಲ್ಲ. ಒಬ್ಬರಿಗೂ ಕಷ್ಟ. 20 ಲೀಟರಿನ ಒಂದು ಬಕೆಟ್ ನೀರನ್ನು 20 ಡಿಗ್ರಿಯಿಂದ 40ಕ್ಕೆ ಏರಿಸಲು ಸುಮಾರು 465 ವಾಟ್-ಅವರ್ ಬೇಕು, ಅಂದರೆ ಹತ್ತಿರ ಹತ್ತಿರ ಅರ್ಧ ಯೂನಿಟ್. 300 ವಾಟಿನ ಕಾಯಿಲ್‌ಗೆ ಇದು ಒಂದೂವರೆ ಗಂಟೆಗೂ ಜಾಸ್ತಿ ಕೆಲಸ. ಅಷ್ಟೂ ಹೊತ್ತು ಬ್ಯಾಟರಿಯಿಂದ 25 ಆಂಪ್ಸ್ ಹೋಗುತ್ತಲೇ ಇರುತ್ತದೆ. ಕೊನೆಗೆ ಖಾಲಿಯಾಗುವುದು 39 ಎಎಚ್ (ಆಂಪಿಯರ್-ಅವರ್, ಅಂದರೆ ಆಂಪ್ಸನ್ನು ಗಂಟೆಯಿಂದ ಗುಣಿಸಿದ್ದು). ನಿಮ್ಮ ಬ್ಯಾಟರಿ ಮೇಲೆ 150 ಅಂತ ಬರೆದಿದ್ದರೂ ಲೆಡ್ ಆಸಿಡ್ ಬ್ಯಾಟರಿ ಬಾಳಿಕೆ ಬರಬೇಕಾದರೆ ಅರ್ಧಕ್ಕಿಂತ ಹೆಚ್ಚು ತೆಗೆಯಬಾರದು, ಅಂದರೆ ನಿಮ್ಮ ಕೈಯಲ್ಲಿರುವುದು 75. ಒಂದೇ ಬಕೆಟ್ಟಿಗೆ ಅದರಲ್ಲಿ ಅರ್ಧಕ್ಕೂ ಜಾಸ್ತಿ ಹೋಯಿತು. ರಾತ್ರಿ ದೀಪ, ಮಕ್ಕಳ ಓದು, ಮೊಬೈಲ್ ಚಾರ್ಜು ಎಲ್ಲಾ ಮುಗಿಸಿ ಬೆಳಗಾಗುವ ಹೊತ್ತಿಗೆ ಬ್ಯಾಟರಿ ಮೊದಲೇ ಇಳಿದಿರುತ್ತದೆ. ಅದರ ಮೇಲೆ ಕಾಯಿಲ್ ಹಾಕಿದರೆ ನಾಲ್ಕೈದು ವರ್ಷ ಬಾಳಬೇಕಾದ ಬ್ಯಾಟರಿ ಬೇಗನೆ ಗುಜರಿಗೆ ಹೋಗುತ್ತದೆ. ಹೊಸದು ತರುವ ದುಡ್ಡಿನಲ್ಲಿ ಎಷ್ಟು ಸೌದೆ ಬರುತ್ತದೆ ಅಂತ ನಿಮಗೇ ಗೊತ್ತು.

ಹಾಗಂತ ಕಾಯಿಲ್ ದಂಡ ಅಂತಲ್ಲ. ಅದನ್ನು ಹಾಕುವ ಹೊತ್ತು ಬೇರೆ. ಬಿಸಿಲಿನ ದಿನ ಮಧ್ಯಾಹ್ನ ಒಂದೂವರೆ ಎರಡರ ಹೊತ್ತಿಗೆ ಬ್ಯಾಟರಿ ತುಂಬಿಬಿಟ್ಟರೆ, ಅಲ್ಲಿಂದ ಮುಂದೆ ಪ್ಯಾನೆಲ್ ಕೊಡಬಹುದಾದ ಕರೆಂಟನ್ನು ಚಾರ್ಜ್ ಕಂಟ್ರೋಲರ್ ಸುಮ್ನೆ ತಡೆದು ನಿಲ್ಲಿಸುತ್ತದೆ. ಅದು ಯಾರಿಗೂ ಸಿಗುವುದಿಲ್ಲ. ಬ್ಯಾಟರಿ ತುಂಬಿದ ವೋಲ್ಟೇಜ್ ಮುಟ್ಟಿದಾಗ ಕಾಯಿಲ್ ಆನ್ ಆಗಿ, 13.2ರ ಆಸುಪಾಸಿಗೆ ಇಳಿದಾಗ ತಾನೇ ಆಫ್ ಆಗುವ ಒಂದು ವೋಲ್ಟೇಜ್ ರಿಲೇ ಹಾಕಿಸಿಕೊಳ್ಳಿ. ಕಾಯಿಲ್ 300 ವಾಟಿನದ್ದು ಬೇಡ, 150ರದ್ದು ಸಾಕು. ಪ್ಯಾನೆಲ್ ಕೊಡುವುದಕ್ಕಿಂತ ಕಾಯಿಲ್ ಜಾಸ್ತಿ ಎಳೆದರೆ ಮೋಡ ಬಂದಾಗೆಲ್ಲ ಕೊರತೆ ಬ್ಯಾಟರಿಯಿಂದಲೇ ಹೋಗುತ್ತದೆ. ಮೂರು ಗಂಟೆ ಹೀಗೆ ನಡೆದರೆ 450 ವಾಟ್-ಅವರ್, ಒಂದು ಬಕೆಟ್ ಬಿಸಿನೀರು. ಅದನ್ನು ಮುಚ್ಚಳ ಇರುವ ಸ್ಟೀಲ್ ಕ್ಯಾನಿನಲ್ಲಿ ಹಾಕಿ, ಸುತ್ತ ದಪ್ಪಗೆ ಥರ್ಮಾಕೋಲೋ ಹಳೆ ಕಂಬಳಿಯೋ ಸುತ್ತಿಟ್ಟರೆ ಸಂಜೆ ಅಮ್ಮನ ಸ್ನಾನಕ್ಕೆ ಖಂಡಿತ ಆಗುತ್ತದೆ.

ಉಳಿದ ಮೂವರಿಗೆ? ಮಾಡಿನ ಮೇಲೆ ಜಾಗ ಇದ್ದರೆ ನೀರನ್ನೇ ನೇರವಾಗಿ ಕಾಯಿಸುವ ಸೋಲಾರ್ ವಾಟರ್ ಹೀಟರ್ ಹಾಕಿಸಿ. ಪ್ಯಾನೆಲ್ ಬಿಸಿಲಿನಲ್ಲಿ ಐದರಲ್ಲಿ ಒಂದು ಪಾಲು ಮಾತ್ರ ಕರೆಂಟ್ ಮಾಡುತ್ತದೆ, ವಾಟರ್ ಹೀಟರಿನ ಕಪ್ಪು ಹಲಗೆ ಅರ್ಧದಷ್ಟನ್ನು ಶಾಖವಾಗಿಯೇ ಹಿಡಿಯುತ್ತದೆ. ಆದರೆ ನಿಮ್ಮೂರಿನ ಜೂನ್‌ನಿಂದ ಸೆಪ್ಟೆಂಬರ್ ತನಕದ ಮಳೆಯಲ್ಲಿ ಎರಡೂ ಮಲಗುತ್ತವೆ. ಆ ನಾಲ್ಕು ತಿಂಗಳಿಗೆ ಒಲೆ ಬೇಕೇ ಬೇಕು. ಒಲೆಗೆ ಮಾಡಿನಿಂದ ಮೇಲಕ್ಕೆ ಹೋಗುವ ಒಳ್ಳೆ ಹೊಗೆ ಕೊಳವೆ ಹಾಕಿಸಿದರೆ ಅಮ್ಮನ ತೊಂದರೆ ಎಷ್ಟೋ ಕಡಿಮೆಯಾಗುತ್ತದೆ. ನಾನಾಗಿದ್ದರೆ ಕಾಯಿಲ್‌ಗಿಂತ ಮೊದಲು ಆ ಕೊಳವೆಗೆ ದುಡ್ಡು ಹಾಕುತ್ತಿದ್ದೆ.

ಪ್ರಶ್ನೆ: ನಮಸ್ಕಾರ. ನಾವು ಸುಳ್ಯದ ಕಡೆಯವರು. ತೋಟದ ಮೇಲಿನ ಹಳ್ಳದಿಂದ ಪೈಪ್ ಹಾಕಿ ಚಿಕ್ಕ ಟರ್ಬೈನ್ ಕೂರಿಸಿದ್ದೇವೆ, 48 ವೋಲ್ಟ್ ಬ್ಯಾಟರಿ ಚಾರ್ಜ್ ಆಗುತ್ತದೆ. ಬ್ಯಾಟರಿ ತುಂಬಿದ ಮೇಲೆ ಉಳಿದ ಕರೆಂಟೆಲ್ಲ ಶೆಡ್ಡಿನ ಗೋಡೆಯಲ್ಲಿರುವ ತಗಡಿನ ಪೆಟ್ಟಿಗೆಯ ಕಾಯಿಲ್‌ಗೆ ಹೋಗಿ ರಾತ್ರಿಯಿಡೀ ಕೆಂಪಗೆ ಉರಿಯುತ್ತಿರುತ್ತದೆ. ಅತ್ತ ಬಚ್ಚಲಲ್ಲಿ ನಾನು ಒದ್ದೆ ಸೌದೆ ಊದುತ್ತಾ ಕೂತಿರುತ್ತೇನೆ. ಆ ಕಾಯಿಲನ್ನು ಹಂಡೆಗೇ ಹಾಕಿದರೆ ಆಗದಾ? ಯಜಮಾನರು ಟರ್ಬೈನ್ ಹಾಳಾಗುತ್ತದೆ ಅನ್ನುತ್ತಾರೆ.

ಉತ್ತರ: ಈ ಸಲದ ಪತ್ರಗಳಲ್ಲಿ ನನಗೆ ತುಂಬಾ ಖುಷಿ ಕೊಟ್ಟ ಪತ್ರ ಇದು. ಆಗುತ್ತದೆ, ಮಾಡಲೇಬೇಕು. ಆದರೆ ಯಜಮಾನರು ಹೆದರುವುದರಲ್ಲೂ ಅರ್ಥ ಇದೆ, ಅದನ್ನು ಮೊದಲು ನೋಡೋಣ.

ಸೋಲಾರ್ ಪ್ಯಾನೆಲ್ಲಿನ ವೈರ್ ಬಿಚ್ಚಿಟ್ಟರೂ ಪ್ಯಾನೆಲ್ಲಿಗೆ ಏನೂ ಆಗುವುದಿಲ್ಲ, ಬಿಸಿಲಲ್ಲಿ ಸುಮ್ಮನೆ ಬಿದ್ದಿರುತ್ತದೆ. ಟರ್ಬೈನ್ ಹಾಗಲ್ಲ. ಪೈಪಿನಲ್ಲಿ ನೀರು ಬರುತ್ತಲೇ ಇದ್ದು, ಕರೆಂಟ್ ಎಳೆಯುವವರು ಯಾರೂ ಇಲ್ಲ ಅಂದರೆ ಅದು ಹಿಡಿತ ತಪ್ಪಿ ತಿರುಗುತ್ತದೆ, ವೋಲ್ಟೇಜ್ ಏರುತ್ತದೆ, ಬ್ಯಾಟರಿ ಕುದಿಯುತ್ತದೆ, ಇನ್ವರ್ಟರ್ ಸುಡುತ್ತದೆ. ಅದನ್ನು ತಡೆಯಲೆಂದೇ ಆ ತಗಡಿನ ಪೆಟ್ಟಿಗೆಯ ಕಾಯಿಲ್ ಇರುವುದು. ಟರ್ಬೈನ್ ಕೂರಿಸುವವರು ಅದಕ್ಕೆ ಡಂಪ್ ಲೋಡ್ ಅನ್ನುತ್ತಾರೆ. ಹಾಗಾಗಿ ಇದು ಯಾವತ್ತೂ ಆಫ್ ಆಗಬಾರದ ಕಾಯಿಲ್. ಗೀಸರಿಗೆ ಹಾಕಿದ ಹಾಗೆ ಇದರ ದಾರಿಯಲ್ಲಿ ಥರ್ಮೋಸ್ಟಾಟ್ ಹಾಕಿಬಿಟ್ಟರೆ, ನೀರು ಕಾದ ಕೂಡಲೇ ಅದು ಕಟ್ ಮಾಡುತ್ತದೆ, ಟರ್ಬೈನ್ ಹಿಡಿತ ತಪ್ಪಿ ಓಡುತ್ತದೆ. ಹಂಡೆ ಖಾಲಿಯಾಗಿ ಕಾಯಿಲ್ ಸುಟ್ಟುಹೋದರೂ ಅದೇ ಕಥೆ.

ಮಾಡಬೇಕಾದದ್ದು ಹೀಗೆ. ತಗಡಿನ ಪೆಟ್ಟಿಗೆಯ ಕಾಯಿಲ್ ಅಲ್ಲೇ ಇರಲಿ, ತೆಗೆಯಬೇಡಿ. ನೀರಿಗೆ ಬೇರೆಯದೇ ಕಾಯಿಲ್ ಹಾಕಿ, ಅದಕ್ಕೆ ಹೆಚ್ಚಾದ ಕರೆಂಟನ್ನು ಕಾಯಿಲ್‌ಗೆ ತಿರುಗಿಸುವ ಇನ್ನೊಂದು ಡೈವರ್ಶನ್ ಕಂಟ್ರೋಲರ್ ಕೊಡಿ. ನೀರಿನ ಕಾಯಿಲ್ ಕಡಿಮೆ ವೋಲ್ಟೇಜಿನಲ್ಲಿ ಶುರುವಾಗಲಿ, ಗಾಳಿಯ ಕಾಯಿಲ್, ಅಂದರೆ ತಗಡಿನ ಪೆಟ್ಟಿಗೆಯದ್ದು, ಅದಕ್ಕಿಂತ ಒಂದು ವೋಲ್ಟಿನಷ್ಟು ಮೇಲೆ. ಆಗ ಹೆಚ್ಚಾದ ಕರೆಂಟ್ ಮೊದಲು ನೀರಿಗೆ ಹೋಗುತ್ತದೆ. ನೀರು ಸಾಕಷ್ಟು ಕಾದು ಥರ್ಮೋಸ್ಟಾಟ್ ಅದನ್ನು ನಿಲ್ಲಿಸಿದರೆ ವೋಲ್ಟೇಜ್ ಸ್ವಲ್ಪ ಏರಿ ಗಾಳಿಯ ಕಾಯಿಲ್ ತಾನಾಗಿ ಕೈಗೆತ್ತಿಕೊಳ್ಳುತ್ತದೆ. ಟರ್ಬೈನಿಗೆ ಒಂದು ಕ್ಷಣವೂ ಬಿಡುವಿಲ್ಲ. ಗಾಳಿಯ ಕಾಯಿಲ್ ಒಂದೇ ಇಡೀ ಟರ್ಬೈನಿನ ಕರೆಂಟನ್ನು ತಿನ್ನುವಷ್ಟು ದೊಡ್ಡದಿರಬೇಕು, ಇದರಲ್ಲಿ ರಾಜಿ ಬೇಡ.

ಕಾಯಿಲ್ ತಗೊಳ್ಳುವಾಗ ಒಂದು ವಿಷಯ ನೋಡಿ. 48 ವೋಲ್ಟಿನ ಬ್ಯಾಟರಿ ಚಾರ್ಜ್ ಆಗುವಾಗ 56ರ ತನಕ, ಕೆಲವೊಮ್ಮೆ ಅದಕ್ಕೂ ಸ್ವಲ್ಪ ಮೇಲೆ ಏರುತ್ತದೆ. 48 ವೋಲ್ಟಿಗೆ 600 ವಾಟ್ ಅಂತ ಬರೆದ ಕಾಯಿಲ್ 56 ವೋಲ್ಟಿನಲ್ಲಿ 816 ವಾಟ್ ಎಳೆಯುತ್ತದೆ, ಹದಿನಾಲ್ಕೂವರೆ ಆಂಪ್ಸ್. ಕಂಟ್ರೋಲರ್, ವೈರ್, ಫ್ಯೂಸ್ ಮೂರನ್ನೂ ಇದಕ್ಕೇ ಲೆಕ್ಕ ಹಾಕಿ ತಗೊಳ್ಳಬೇಕು.

ಇನ್ನು ಎಷ್ಟು ನೀರು ಕಾಯಬಹುದು? ನಿಮ್ಮ ಟರ್ಬೈನ್ ಎಷ್ಟರದ್ದು ಅಂತ ಬರೆದಿಲ್ಲ, ಅದಕ್ಕೆ ಒಂದು ಉದಾಹರಣೆ ಹೇಳುತ್ತೇನೆ. 20 ಮೀಟರ್ ಎತ್ತರದಿಂದ ಸೆಕೆಂಡಿಗೆ 5 ಲೀಟರ್ ನೀರು ಬಿದ್ದರೆ, ಅರ್ಧ ನಷ್ಟ ಹೋಗಿಯೂ ಸುಮಾರು 490 ವಾಟ್ ಸಿಗುತ್ತದೆ. ನೋಡಲಿಕ್ಕೆ ಚಿಕ್ಕದು, ಆದರೆ ಹಗಲು ರಾತ್ರಿ ನಿಲ್ಲದೆ ಬರುತ್ತದಲ್ಲ, ದಿನಕ್ಕೆ ಹನ್ನೊಂದೂಮುಕ್ಕಾಲು ಯೂನಿಟ್ ಆಯಿತು. ಎಲ್ಲರೂ ಮಲಗಿದ ಮೇಲೆ ರಾತ್ರಿ ಹತ್ತರಿಂದ ಬೆಳಗ್ಗೆ ಆರರ ತನಕ 300 ವಾಟ್ ಉಳಿದರೂ 2.4 ಯೂನಿಟ್. ನೂರು ಲೀಟರ್ ನೀರು 20 ಡಿಗ್ರಿ ಏರಲು ಇಷ್ಟು ಸಾಕು. ಮಳೆಗಾಲದಲ್ಲಿ, ಅಂದರೆ ಬಿಸಿಲು ಇಲ್ಲದೆ, ಸೌದೆ ಒದ್ದೆಯಾಗಿ, ಅಡಿಕೆ ಸಿಪ್ಪೆಯೂ ಹೊತ್ತದೆ ಹೊಗೆ ಕಾರುವ ದಿನಗಳಲ್ಲೇ ಹಳ್ಳ ತುಂಬಿ ಹರಿಯುವುದು! ಆ ಕರೆಂಟು ಶೆಡ್ಡಿನ ಗೋಡೆ ಕಾಯಿಸುತ್ತಿದೆ ಅಂದರೆ ನನಗೂ ಹೊಟ್ಟೆ ಉರಿಯುತ್ತದೆ. ಬ್ಯಾಟರಿಯಲ್ಲಿ ಹಿಡಿಸದ್ದನ್ನು ನೀರಿನಲ್ಲಿ ಹಿಡಿದಿಡುವುದಕ್ಕೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ.

ಅಜ್ಜಿ ಕಾಲದ ತಾಮ್ರದ ಹಂಡೆಗೆ ಮಾತ್ರ ತೂತು ಹೊಡೆಯಬೇಡಿ. ಬಾಯಿ ತೆರೆದ ತಾಮ್ರದ ಹಂಡೆ ರಾತ್ರಿಯಿಡೀ ಶಾಖ ಬಿಡುತ್ತಲೇ ಇರುತ್ತದೆ, ಒಲೆಯ ಮೇಲಾದರೆ ಕೆಳಗೆ ಕೆಂಡ ಇರುತ್ತದೆ, ಇಲ್ಲಿ ಅದಿಲ್ಲ. ನೂರು ನೂರೈವತ್ತು ಲೀಟರಿನ ಸ್ಟೀಲ್ ಡ್ರಮ್ ತಂದು, ಕಾಯಿಲ್ ತಳದ ಹತ್ತಿರ ಅಡ್ಡಕ್ಕೆ ಕೂರಿಸಿ, ಸುತ್ತ ಎರಡು ಮೂರು ಇಂಚು ರಾಕ್‌ವೂಲ್ (ಶಾಖ ಹೊರಗೆ ಬಿಡದ ಕಲ್ಲಿನ ನಾರು) ಕಟ್ಟಿ, ಅದರ ಮೇಲೆ ತಗಡು ಸುತ್ತಿಸಿ. ಭತ್ತದ ಹೊಟ್ಟು ತುಂಬಿದ ಪೆಟ್ಟಿಗೆಯೂ ಆಗುತ್ತದೆ, ಆದರೆ ಬಚ್ಚಲಿನ ಪಸೆ ತಗಲಿದರೆ ಹೊಟ್ಟಿನಿಂದ ಉಪಯೋಗವಿಲ್ಲ. ಬಿಸಿನೀರಿನ ನಲ್ಲಿಯನ್ನು ಕಾಯಿಲ್‌ಗಿಂತ ಮೇಲೆ ಇಡಿಸಿ. ಯಾರಾದರೂ ನಲ್ಲಿ ನಿಲ್ಲಿಸಲು ಮರೆತರೂ ಕಾಯಿಲ್ ಮುಳುಗಿರುವಷ್ಟು ನೀರು ಡ್ರಮ್ಮಿನಲ್ಲಿ ಉಳಿಯುತ್ತದೆ. ತಣ್ಣೀರು ಫ್ಲೋಟ್ ವಾಲ್ವಿನಿಂದ ತಾನಾಗಿ ತುಂಬಲಿ. ಮೇಲೆ ಹಬೆ ಹೋಗಲು ಒಂದು ತೆರೆದ ಪೈಪ್ ಇರಲಿ, ಅದನ್ನು ಯಾವ ಕಾರಣಕ್ಕೂ ಮುಚ್ಚಬಾರದು.

ಬಚ್ಚಲ ಒಲೆಯನ್ನು ಒಡೆಯಬೇಡಿ. ಫೆಬ್ರವರಿ ಮಾರ್ಚಿಗೆ ಹಳ್ಳ ಬತ್ತಿದಾಗ ಬೇಕಾಗುತ್ತದೆ.

ಪ್ರಶ್ನೆ: ಸರ್, ಚಳ್ಳಕೆರೆ ಹತ್ತಿರ ತೋಟದ ಮನೆ. ನಮ್ಮಲ್ಲಿ ಬಿಸಿಲಿಗೆ ಬರ ಇಲ್ಲ. ಬೋರ್‌ವೆಲ್ ನೀರು ತುಂಬಾ ಗಡಸು, ಮೊದಲು ಹಾಕಿಸಿದ್ದ ಸೋಲಾರ್ ವಾಟರ್ ಹೀಟರಿನ ಪೈಪುಗಳು ಕಟ್ಟಿಕೊಂಡು ಕೆಟ್ಟುಹೋಯಿತು. 540 ವಾಟಿನ ಒಂದು ಪ್ಯಾನೆಲ್ ತಂದು ಬ್ಯಾಟರಿ ಇಲ್ಲದೆ ನೇರವಾಗಿ ಹಳೆ ಗೀಸರಿನ ಕಾಯಿಲ್‌ಗೆ ಕೊಟ್ಟರೆ ಹೇಗೆ?

ಉತ್ತರ: ಯೋಚನೆ ಸರಿ ಇದೆ, ಕಾಯಿಲ್ ಸರಿ ಇಲ್ಲ. ಗೀಸರಿನ 2000 ವಾಟಿನ ಕಾಯಿಲ್ 230 ವೋಲ್ಟಿಗೆ ಮಾಡಿದ್ದು, ಅದರ ರೆಸಿಸ್ಟೆನ್ಸ್ ಸುಮಾರು 26 ಓಮ್. ನಿಮ್ಮ ಪ್ಯಾನೆಲ್ ಕೆಲಸ ಮಾಡುವುದು 41 ವೋಲ್ಟಿನ ಆಸುಪಾಸಿನಲ್ಲಿ. ಆ ಕಾಯಿಲ್ ಎಳೆಯುವುದು ಎರಡು ಆಂಪ್ಸಿನೊಳಗೆ, ಅಂದರೆ ನೂರು ವಾಟೂ ಇಲ್ಲ. ಪ್ಯಾನೆಲ್ ಕೊಡಬಲ್ಲದ್ದರಲ್ಲಿ ಹೆಚ್ಚಿನ ಪಾಲು ನೀರಿಗೆ ಸೇರುವುದೇ ಇಲ್ಲ. ಈ ಪ್ಯಾನೆಲ್ಲಿಗೆ ಬೇಕಾದದ್ದು ಮೂರರಿಂದ ನಾಲ್ಕು ಓಮಿನ ಕಾಯಿಲ್. 48 ವೋಲ್ಟ್ 600 ವಾಟ್ ಅಂತ ಮಾರುವುದು 3.84 ಓಮ್ ಇರುತ್ತದೆ, ಅದು ಚೆನ್ನಾಗಿ ಹೊಂದುತ್ತದೆ. ಕೊಳ್ಳುವಾಗ ಮಲ್ಟಿಮೀಟರಿನಲ್ಲಿ ಅಳೆದೇ ತನ್ನಿ, ಮೇಲೆ ಬರೆದದ್ದನ್ನು ನಂಬಬೇಡಿ.

ಇದರಲ್ಲೂ ಒಂದು ಕೊರತೆ ಇದೆ. ಬಿಸಿಲು ಅರ್ಧವಾದರೆ ಪ್ಯಾನೆಲ್ಲಿನ ಆಂಪ್ಸ್ ಅರ್ಧವಾಗುತ್ತದೆ. ಕಾಯಿಲ್‌ನಲ್ಲಿ ಹುಟ್ಟುವ ಶಾಖ ಆಂಪ್ಸಿನ ವರ್ಗಕ್ಕೆ ತಕ್ಕಂತೆ, ಹಾಗಾಗಿ ಅದು ಕಾಲು ಭಾಗಕ್ಕೆ ಇಳಿಯುತ್ತದೆ. ಬೆಳಗ್ಗೆ ಒಂಬತ್ತಕ್ಕೂ ಸಂಜೆ ನಾಲ್ಕಕ್ಕೂ ಪ್ಯಾನೆಲ್ ಕೊಡಬಲ್ಲದ್ದರಲ್ಲಿ ತುಂಬಾ ಭಾಗ ಹೀಗೆ ತಪ್ಪಿಹೋಗುತ್ತದೆ. ನಡುವೆ ಎಂಪಿಪಿಟಿ ಕಂಟ್ರೋಲರ್ (ಪ್ಯಾನೆಲ್ಲಿನಿಂದ ಸಿಗುವಷ್ಟೂ ವಾಟ್ ಹೊರತೆಗೆಯುವ ಕಂಟ್ರೋಲರ್) ಇಟ್ಟರೆ ಅದನ್ನೂ ಹಿಡಿಯಬಹುದು, ಆದರೆ ಕಾಯಿಲ್‌ಗೆ ನೇರ ಕೊಡುವಂಥ ಎಂಪಿಪಿಟಿಯೇ ಆಗಬೇಕು. ಬ್ಯಾಟರಿಗೆ ಮಾಡಿದ ಸಾಮಾನ್ಯ ಕಂಟ್ರೋಲರುಗಳು ಬ್ಯಾಟರಿ ಇಲ್ಲದೆ ಏಳುವುದೇ ಇಲ್ಲ. ಕಂಟ್ರೋಲರ್ ಇಲ್ಲದೆಯೂ ಒಳ್ಳೆ ಬಿಸಿಲಿನ ದಿನ ಒಂದೂವರೆ ಯೂನಿಟ್ ಸಿಕ್ಕಿತು ಅಂತಿಟ್ಟುಕೊಳ್ಳಿ, 50 ಲೀಟರ್ ನೀರು 25 ಡಿಗ್ರಿ ಏರುತ್ತದೆ. ನಿಮ್ಮಲ್ಲಿ ಟ್ಯಾಂಕಿನ ನೀರು ಮೊದಲೇ ಬೆಚ್ಚಗಿರುತ್ತದೆ, ಇಬ್ಬರಿಗೆ ಧಾರಾಳ. ಅಷ್ಟೇ ಜಾಗದಲ್ಲಿ ವಾಟರ್ ಹೀಟರ್ ನೂರು ಲೀಟರ್ ಕಾಯಿಸುತ್ತಿತ್ತು ನಿಜ. ಗಡಸು ನೀರಿನ ಊರಲ್ಲಿ ವರ್ಷಕ್ಕೊಂದು ಸಲ ಕಾಯಿಲ್ ಹೊರಗೆ ತೆಗೆದು ವಿನೆಗರಿನಲ್ಲಿ ನೆನೆಸಿ ಬಿಳಿ ಪೊರೆ ಉದುರಿಸುವುದು, ಮಾಡಿನ ಮೇಲೆ ಹತ್ತಿ ಸಣ್ಣ ಪೈಪುಗಳನ್ನು ಚೊಕ್ಕ ಮಾಡುವುದಕ್ಕಿಂತ ಎಷ್ಟೋ ಸುಲಭ. ಅದಕ್ಕೇ ನಿಮ್ಮ ಯೋಚನೆ ಸರಿ ಅಂದೆ.

ಈಗ ತುಂಬಾ ಮುಖ್ಯವಾದದ್ದು. ಗೀಸರಿನಲ್ಲಿರುವ ಥರ್ಮೋಸ್ಟಾಟನ್ನು ಈ ಡಿಸಿ ಕರೆಂಟಿನ ದಾರಿಯಲ್ಲಿ ಹಾಕಲೇಬೇಡಿ. ಅದರ ಮೇಲೆ 16 ಆಂಪ್ಸ್ 250 ವೋಲ್ಟ್ ಅಂತ ಇರುತ್ತದೆ, ನಮ್ಮದು ಬರೀ 41 ವೋಲ್ಟ್ ಅಲ್ವಾ ಅನ್ನಿಸುತ್ತದೆ. ಅದು ಎಸಿ ಲೆಕ್ಕ. ಎಸಿ ಕರೆಂಟ್ ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬರುತ್ತದೆ, ಸ್ವಿಚ್ ಬಿಡುವಾಗ ಏಳುವ ಕಿಡಿ ಅಲ್ಲೇ ಸಾಯುತ್ತದೆ. ಡಿಸಿ ಸೊನ್ನೆಗೆ ಬರುವುದೇ ಇಲ್ಲ. ಕಿಡಿ ಎಳೆದುಕೊಂಡು ಉರಿಯುತ್ತದೆ, ಒಳಗಿನ ಎರಡು ತುಣುಕುಗಳು ಕರಗಿ ಅಂಟಿಕೊಳ್ಳುತ್ತವೆ. ಆಮೇಲೆ ಥರ್ಮೋಸ್ಟಾಟ್ ಎಷ್ಟು ತಿರುಗಿಸಿದರೂ ಕಟ್ ಆಗುವುದಿಲ್ಲ, ನೀರು ಕುದಿಯುತ್ತಲೇ ಇರುತ್ತದೆ. ಮುಚ್ಚಿದ ಗೀಸರ್ ಟ್ಯಾಂಕಾದರೆ ಒಳಗೆ ಹಬೆ ಕಟ್ಟಿಕೊಂಡು ಸಿಡಿಯಬಹುದು. ಥರ್ಮೋಸ್ಟಾಟ್ ಒಂದು ಡಿಸಿ ಸಾಲಿಡ್ ಸ್ಟೇಟ್ ರಿಲೇಗೆ (ಒಳಗೆ ತಾಗುವ ತುಣುಕುಗಳಿಲ್ಲದ ಎಲೆಕ್ಟ್ರಾನಿಕ್ ಸ್ವಿಚ್) ಸೂಚನೆ ಕೊಡಲಿ, ಕಾಯಿಲಿನ ಕರೆಂಟ್ ಆ ರಿಲೇಯಲ್ಲಿ ಹೋಗಲಿ. ಅಂಗಡಿಯಲ್ಲಿ ಕೇಳುವಾಗ ಔಟ್‌ಪುಟ್ ಡಿಸಿ ಇದೆಯಾ ಅಂತ ಓದಿ ನೋಡಿ. ಎಸಿಯ ಸಾಲಿಡ್ ಸ್ಟೇಟ್ ರಿಲೇ ಡಿಸಿಯಲ್ಲಿ ಒಮ್ಮೆ ಆನ್ ಆದರೆ ಮತ್ತೆ ಆಫ್ ಆಗುವುದಿಲ್ಲ. ಎಂಸಿಬಿಯೂ ಡಿಸಿಯದ್ದೇ ಬೇಕು. ಟ್ಯಾಂಕಿಗೆ ಸೇಫ್ಟಿ ವಾಲ್ವ್ ಅಥವಾ ತೆರೆದ ಹಬೆ ಪೈಪ್, ಎರಡರಲ್ಲಿ ಒಂದು ಇಲ್ಲದೆ ಪ್ಯಾನೆಲ್ಲಿನ ವೈರ್ ಜೋಡಿಸಬೇಡಿ.

ಪ್ರಶ್ನೆ: ಬ್ಯಾಟರಿಯಿಂದ ಬಚ್ಚಲಿಗೆ 10 ಮೀಟರ್. 12 ವೋಲ್ಟ್ 300 ವಾಟ್ ಕಾಯಿಲ್‌ಗೆ 4 ಸ್ಕ್ವೇರ್ ಎಂಎಂ ವೈರ್ ಎಳೆದಿದ್ದೇನೆ. ನೀರು ಬೇಗ ಕಾಯುವುದಿಲ್ಲ, ವೈರ್ ಮಾತ್ರ ಬಿಸಿಯಾಗುತ್ತದೆ. ಕಾಯಿಲ್ ಡೂಪ್ಲಿಕೇಟಾ? (ಯಲ್ಲಾಪುರದಿಂದ)

ಉತ್ತರ: ಕಾಯಿಲ್‌ನ ತಪ್ಪಲ್ಲ. ಹೋಗಿ ಬರುವ ದಾರಿ ಸೇರಿ 20 ಮೀಟರ್ ವೈರ್ ಆಯಿತು. 25 ಆಂಪ್ಸ್ ಹರಿದರೆ 4 ಸ್ಕ್ವೇರಿನಲ್ಲಿ ಎರಡು ವೋಲ್ಟಿಗೂ ಜಾಸ್ತಿ ದಾರಿಯಲ್ಲೇ ಹೋಗುತ್ತದೆ, ಐವತ್ತು ವಾಟಿನ ಹತ್ತಿರ ಗೋಡೆ ಕಾಯಿಸುತ್ತಿದೆ. 10 ಸ್ಕ್ವೇರ್ ಹಾಕಿದರೆ ನಷ್ಟ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಅದಕ್ಕಿಂತ ಒಳ್ಳೆಯದು ಬ್ಯಾಟರಿ ಬದಲಿಸುವ ಕಾಲ ಬಂದಾಗ ಇಡೀ ಮನೆಯನ್ನು 48 ವೋಲ್ಟಿಗೆ ಒಯ್ಯುವುದು. ಅಷ್ಟೇ ವಾಟಿಗೆ ಆಂಪ್ಸ್ ಕಾಲು ಭಾಗ, ಅದೇ ವೈರಿನಲ್ಲಿ ನಷ್ಟ ಹದಿನಾರರಲ್ಲಿ ಒಂದು ಪಾಲು.

ವೈರ್ ಬದಲಿಸುವಾಗ ಜಾಯಿಂಟುಗಳನ್ನು ಕೈಯಿಂದ ಮುಟ್ಟಿ ನೋಡಿ, ಮುಖ್ಯ ಸ್ವಿಚ್ ಆಫ್ ಮಾಡಿದ ಮೇಲೆ. ಯಾವ ತುದಿಯ ಲಗ್ (ವೈರ್ ತುದಿಗೆ ಹಾಕುವ ಲೋಹದ ತುಣುಕು) ಕಪ್ಪಾಗಿ, ಅದರ ಪಕ್ಕದ ಪ್ಲಾಸ್ಟಿಕ್ ಮುರುಟಿದೆಯೋ ಅಲ್ಲಿ ಬೆಂಕಿ ಕಾದಿದೆ. ಸಡಿಲ ಜಾಯಿಂಟಿನಲ್ಲಿ ಒಂದು ಓಮಿನ ಹತ್ತನೇ ಒಂದು ಭಾಗ ಇದ್ದರೂ 25 ಆಂಪ್ಸಿಗೆ 62 ವಾಟ್ ಶಾಖ, ಒಂದು ಸೋಲ್ಡರಿಂಗ್ ಐರನ್ನನ್ನು ಗೋಡೆಯೊಳಗೆ ಆನ್ ಮಾಡಿಟ್ಟ ಹಾಗೆ. ತಿರುಚಿ ಟೇಪ್ ಸುತ್ತುವ ಕೆಲಸ ಇಲ್ಲಿ ನಡೆಯುವುದಿಲ್ಲ, ಲಗ್ ಹಾಕಿ ಕ್ರಿಂಪ್ ಮಾಡಿಸಿ. ಬ್ಯಾಟರಿಯ ಪಾಸಿಟಿವ್ ತುದಿಯ ಹತ್ತಿರವೇ ಫ್ಯೂಸ್ ಇರಬೇಕು.

ಪ್ರಶ್ನೆ: 12 ವೋಲ್ಟ್ ಶಾಕ್ ಹೊಡೆಯುವುದಿಲ್ಲವಲ್ಲ, ಹಾಗಾದರೆ ಕಾಯಿಲ್ ಬಕೆಟ್ಟಿನಲ್ಲಿ ಇರುವಾಗಲೇ ಮಗ್ಗಿನಿಂದ ನೀರು ತಗೊಂಡು ಸ್ನಾನ ಮಾಡಬಹುದಲ್ವಾ?

ಉತ್ತರ: ಬೇಡ. 12 ವೋಲ್ಟ್ ಮಾತ್ರ ಇದ್ದರೆ ಶಾಕ್ ತಗಲುವುದಿಲ್ಲ ಅನ್ನುವುದು ಸರಿ. ಆದರೆ ಅದೇ ಬ್ಯಾಟರಿಗೆ 230 ವೋಲ್ಟಿನ ಇನ್ವರ್ಟರೋ ಜನರೇಟರಿನ ಚಾರ್ಜರೋ ಸೇರಿಸಿರುತ್ತೀರಿ, ಅದರೊಳಗೆ ಏನಾದರೂ ಕೆಟ್ಟರೆ ಆ 230 ನಿಮ್ಮ ಬಕೆಟ್ಟಿನ ತನಕ ಬರಬಹುದು. ಮಗ್ಗಿನಿಂದ ನೀರು ತೆಗೆಯುತ್ತಾ ಹೋದ ಹಾಗೆ ಕಾಯಿಲ್ ಮೇಲೆ ಬಂದು ಒಣಗಿ ಕೆಂಪಾಗುತ್ತದೆ, ಪ್ಲಾಸ್ಟಿಕ್ ಬಕೆಟ್ ಕರಗುತ್ತದೆ, ಮಕ್ಕಳು ಮುಟ್ಟಿದರೆ ಕೈ ಸುಡುತ್ತದೆ. ಸ್ವಿಚ್ ಆಫ್, ಕಾಯಿಲ್ ಹೊರಗೆ, ಆಮೇಲೆ ಸ್ನಾನ. ಕಾಯಿಲ್‌ನ ತಂತಿಯನ್ನು ಬ್ಯಾಟರಿಯ ತುದಿಗೆ ಕೈಯಲ್ಲೇ ತಾಗಿಸಿ ಆನ್ ಮಾಡುವ ಅಭ್ಯಾಸ ಕೆಲವು ಮನೆಗಳಲ್ಲಿದೆ. ಅದನ್ನು ಇವತ್ತೇ ಬಿಡಿ. ಚಾರ್ಜ್ ಆಗುತ್ತಿರುವ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತಿರುತ್ತದೆ, ಒಂದು ಕಿಡಿ ಸಾಕು, ಆಸಿಡ್ ಮುಖಕ್ಕೇ ಸಿಡಿಯುತ್ತದೆ.

ಪ್ರಶ್ನೆ: ಅಣ್ಣಾ, ನಾನು ಹುಬ್ಬಳ್ಳಿ-ಮುಂಬೈ ಲಾರಿ ಓಡಿಸುತ್ತೇನೆ. ಸಿಗರೇಟ್ ಲೈಟರ್ ಸಾಕೆಟ್ಟಿಗೆ ಹಾಕುವ 12 ವೋಲ್ಟ್ ಕೆಟಲ್ ತಗೊಂಡರೆ ಚಹಾಕ್ಕೆ ನೀರು ಕಾಯುತ್ತದಾ?

ಉತ್ತರ: ಕಾಯುತ್ತದೆ, ನಿಧಾನಕ್ಕೆ. ಆ ಸಾಕೆಟ್ಟಿನ ಫ್ಯೂಸ್ ಸಾಮಾನ್ಯವಾಗಿ 10ರಿಂದ 15 ಆಂಪ್ಸ್, ಅಂದರೆ ಹೆಚ್ಚೆಂದರೆ 120ರಿಂದ 180 ವಾಟ್. ಒಂದು ಲೀಟರ್ ನೀರು 25ರಿಂದ 95 ಡಿಗ್ರಿಗೆ ಏರಲು 81 ವಾಟ್-ಅವರ್ ಬೇಕು, 120 ವಾಟಿನ ಕೆಟಲ್‌ಗೆ ನಲವತ್ತು ನಿಮಿಷದ ಕೆಲಸ. ಇಬ್ಬರಿಗೆ ಚಹಾ ಅಂದರೆ ಕಾಲು ಲೀಟರ್, ಹತ್ತು ನಿಮಿಷ ಆಯಿತು. ಕೊಳ್ಳುವ ಮೊದಲು ನಿಮ್ಮ ಲಾರಿಯ ಸಾಕೆಟ್ 12 ವೋಲ್ಟಿನದ್ದಾ 24ರದ್ದಾ ನೋಡಿಕೊಳ್ಳಿ. ದೊಡ್ಡ ಲಾರಿಗಳಲ್ಲಿ ಹೆಚ್ಚಾಗಿ 24 ಇರುತ್ತದೆ, 12ರ ಕೆಟಲ್ ಹಾಕಿದರೆ ನಾಲ್ಕು ಪಟ್ಟು ಶಾಖವಾಗಿ ಅಲ್ಲೇ ಸುಡುತ್ತದೆ. ಓಡಿಸುವಾಗ ಕೆಟಲ್ ಹಚ್ಚಬೇಡಿ, ಕುದಿಯುವ ನೀರು ಕಾಲ ಮೇಲೆ ಚೆಲ್ಲಿದರೆ ಬ್ರೇಕ್ ಯಾರು ಹಿಡಿಯುತ್ತಾರೆ? ಎಲ್ಲಾದರೂ ಬದಿಗೆ ನಿಲ್ಲಿಸಿ, ಕಾಯುವ ತನಕ ಎಂಜಿನ್ ಸ್ಟಾರ್ಟ್‌ನಲ್ಲೇ ಇರಲಿ. ಆ ಡೀಸೆಲ್ ಉಳಿಸಬೇಕು ಅಂದರೆ ಒಳ್ಳೆ ಫ್ಲಾಸ್ಕ್ ಒಂದನ್ನು ತಗೊಂಡು ಊಟದ ಹೋಟೆಲಿನಲ್ಲಿ ಬಿಸಿನೀರು ತುಂಬಿಸಿಕೊಂಡು ಹೊರಡಿ.